‘ಅಣ್ಣಾ, ಒಂದು ಪ್ಲೇಟ್ ಜಾಸ್ತಿ ಹಾಕಿ’

ಶಿವಮೊಗ್ಗದಲ್ಲಿ ಹಳೆಯ ಜೀಪು ಕೊಂಡವರು ಮೊದಲು ಮಾಡಿಸುವುದು ಬಣ್ಣ, ಆಮೇಲೆ ಕಮಾನು (ಲೀಫ್ ಸ್ಪ್ರಿಂಗ್). ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಗಾಡಿ ತಂದು, ‘ಅಣ್ಣಾ, ಹಿಂದೆ ಮುಂದೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಬಿಡಿ, ಕೊಡಚಾದ್ರಿಗೆ ಹೋಗೋದಿದೆ’ ಎನ್ನುತ್ತಾರೆ. ಪ್ಲೇಟ್ ಬೀಳುತ್ತದೆ, ಜೀಪು ಒಂದಿಷ್ಟು ಮೇಲೇಳುತ್ತದೆ. ದುರ್ಗಿಗುಡಿಯಲ್ಲಿ ನಿಲ್ಲಿಸಿದರೆ ಹೋಗಿಬರುವವರು ತಿರುಗಿ ನೋಡುತ್ತಾರೆ. ಆದರೆ ಕಾಡುದಾರಿಯ ಮೊದಲ ಓರೆಗುಂಡಿಯಲ್ಲೇ ಆ ಜೀಪು ಒಂದು ಚಕ್ರವನ್ನು ಗಾಳಿಯಲ್ಲಿ ತಿರುಗಿಸುತ್ತ ನಿಂತುಬಿಡುತ್ತದೆ. ಏನನ್ನೂ ಮಾಡಿಸದ ಅದೇ ಮಾದರಿಯ ಗಾಡಿ ಅಲ್ಲೇ ಹತ್ತಿಹೋಗುತ್ತದೆ.

ಕಮಾನು ಗಡಸಾದಷ್ಟೂ ಜೀಪು ಕಾಡಿಗೆ ಲಾಯಕ್ಕು ಎಂಬ ನಂಬಿಕೆ ಮಲೆನಾಡಿನಲ್ಲಿ ಬೇರುಬಿಟ್ಟಿದೆ. ಅದು ಪೂರ್ತಿ ತಲೆಕೆಳಗು.

ಲೆಕ್ಕ ಕಷ್ಟದ್ದೇನಲ್ಲ. ಕಮಾನಿನ ಗಡಸುತನ ಪ್ಲೇಟುಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆ, ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಉದ್ದದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 7 ಮಿ.ಮೀ. ದಪ್ಪದ ಐದು ಪ್ಲೇಟಿಗೆ ಅಂಥದ್ದೇ ಆರನೆಯದು ಸೇರಿದರೆ ಗಡಸುತನ ಸುಮಾರು ಶೇ 20 ಹೆಚ್ಚಿತು. ಗುಜರಿಯಲ್ಲಿ ಸಿಕ್ಕಿದ 8 ಮಿ.ಮೀ. ಪ್ಲೇಟನ್ನು ಕತ್ತರಿಸಿ ಸೇರಿಸಿದರೆ ಶೇ 30ರ ಹತ್ತಿರ. ಒಂದೇ ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟು. ‘ಒಂದು ಪ್ಲೇಟ್ ತಾನೇ’ ಎನ್ನುವವರು ಈ ಘನವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಲ್ಲುದಾರಿಯಲ್ಲಿ ಆಗುವುದೇನು? ಮುಂದಿನ ಎಡಚಕ್ರ ಬಂಡೆ ಹತ್ತಿದೆ, ಹಿಂದಿನ ಬಲಚಕ್ರ ದಿಣ್ಣೆ ಏರಿದೆ. ಉಳಿದೆರಡು ಚಕ್ರಗಳು ಕೆಳಗಿಳಿದು ನೆಲ ಮುಟ್ಟಬೇಕು. ಮುಟ್ಟಬೇಕಾದರೆ ಒಂದು ಬದಿಯ ಕಮಾನು ಕುಗ್ಗಬೇಕು, ಇನ್ನೊಂದು ಬದಿಯದು ಬಾಗಿ ಇಳಿಯಬೇಕು. ಗಡಸು ಕಮಾನು ಎರಡನ್ನೂ ಮಾಡುವುದಿಲ್ಲ, ಚಕ್ರ ನೆಲ ಬಿಡುತ್ತದೆ. ಲಾಕ್ ಇಲ್ಲದ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಚುಬಲವನ್ನಷ್ಟೇ ಕೊಡಬಲ್ಲದು. ಗಾಳಿಯಲ್ಲಿರುವ ಚಕ್ರ ತಿರುಗಲು ಎಷ್ಟು ಅಲ್ಪ ಬಲ ಸಾಕೋ, ನೆಲದ ಮೇಲಿರುವುದಕ್ಕೆ ಸಿಗುವುದೂ ಅಷ್ಟೇ. ಫೋರ್ ವೀಲ್ ಹಾಕಿದ್ದರೂ ಮುಂದೊಂದು, ಹಿಂದೊಂದು ಎದ್ದರೆ ಕಥೆ ಮುಗಿಯಿತು. ಎಂಜಿನ್ ಎಷ್ಟು ಅಬ್ಬರಿಸಿದರೂ ಗಾಡಿ ಇಂಚೂ ಕದಲದು.

ಹೊರಜಗತ್ತಿನಲ್ಲಿ ಕಾಡುದಾರಿಯ ಗಾಡಿಯನ್ನು ಅಳೆಯುವುದೇ ಈ ಬಾಗುವಿಕೆಯಿಂದ. 20 ಡಿಗ್ರಿ ಇಳಿಜಾರಿನ ರ‍್ಯಾಂಪಿನ ಮೇಲೆ ಒಂದೇ ಮುಂಚಕ್ರವನ್ನು ಹತ್ತಿಸುತ್ತ ಹೋಗಿ, ಬೇರೊಂದು ಚಕ್ರ ನೆಲ ಬಿಡುವವರೆಗೆ ಎಷ್ಟು ದೂರ ಏರಿತು ಎಂದು ನೋಡುತ್ತಾರೆ. ಇಲ್ಲಿ ರ‍್ಯಾಂಪೂ ಬೇಡ, ತೋಟದ ಅಗಳಿನ ದಂಡೆ ಸಾಕು. ಪ್ಲೇಟ್ ಹಾಕಿಸುವ ಮೊದಲೊಮ್ಮೆ, ಹಾಕಿಸಿದ ಮೇಲೊಮ್ಮೆ ಅದೇ ದಂಡೆಗೆ ಹತ್ತಿಸಿ ನೋಡಿದರೆ ವಾದವೇ ಉಳಿಯದು.

ನಂಬಿಕೆಗೆ ಒಂದು ಮೂಲವಿದೆ, ಅದು ಸುಳ್ಳೂ ಅಲ್ಲ. ಅಡಿಕೆ ಮೂಟೆ ಹೊರುವ ಪಿಕಪ್, 1,343 ಮೀಟರಿನ ಕೊಡಚಾದ್ರಿಗೆ ದಿನವೂ ಜನ ತುಂಬಿಕೊಂಡು ಏರುವ ಬಾಡಿಗೆ ಜೀಪು, ಇವು ಸದಾ ಭಾರದಲ್ಲೇ ಓಡುತ್ತವೆ. ಕಮಾನು ಕೂತುಹೋಗದಿರಲು ಹೆಚ್ಚಿನ ಪ್ಲೇಟ್ ಅವಕ್ಕೆ ಬೇಕಾದೀತು. ಇಬ್ಬರೇ ಕೂತು ಭಾನುವಾರ ಹೊರಡುವ ಜೀಪಿಗೆ ಆ ಅಳತೆ ಒಗ್ಗುವುದಿಲ್ಲ. ಭಾರ ಹೊರುವವರಿಗೂ ಒಂದು ಮಾತು: ಪ್ಲೇಟ್ ಹೆಚ್ಚಿದ ಮಾತ್ರಕ್ಕೆ ಎಕ್ಸೆಲ್, ಬೇರಿಂಗ್, ಬ್ರೇಕಿನ ಶಕ್ತಿ ಹೆಚ್ಚುವುದಿಲ್ಲ.

ಹಾಗಾದರೆ ಮಾಡಿಸಬೇಕಾದದ್ದು? ಮಲೆನಾಡಿನ ಮಳೆಗೆ ಪ್ಲೇಟುಗಳ ನಡುವೆ ತುಕ್ಕು ಕೂತು ಅವು ಒಂದರ ಮೇಲೊಂದು ಜಾರುವುದನ್ನೇ ಮರೆತಿರುತ್ತವೆ. ಕಟ್ಟು ಬಿಚ್ಚಿ, ಉಜ್ಜಿ, ಗ್ರೀಸ್ ಸವರಿ, ಸವೆದ ಬುಷ್ ಬದಲಿಸಿ ಕೂರಿಸಿದರೆ ಎಷ್ಟೋ ಜೀಪುಗಳು ಬೇರೆ ಗಾಡಿಯಂತೆ ನಡೆಯುತ್ತವೆ. ಖರ್ಚು ಮಾಡುವ ಮನಸ್ಸಿದ್ದರೆ ಉದ್ದನೆಯ ಕಮಾನು: ಉದ್ದ ಶೇ 10 ಹೆಚ್ಚಿದರೆ ಗಡಸುತನ ಸುಮಾರು ಶೇ 25 ಇಳಿಯುತ್ತದೆ. ಇಲ್ಲವೇ ತುದಿಯತ್ತ ತೆಳುವಾಗುತ್ತ ಹೋಗುವ ಪ್ಯಾರಾಬೋಲಿಕ್ ಕಮಾನು. ಎರಡು ಮೂರೇ ಪ್ಲೇಟು ಕಂಡು ಅದನ್ನು ‘ದುರ್ಬಲ’ ಎನ್ನುವವರಿಗೆ ತಿಳಿದಿರಲಿ, ಭಾರದ ಲಾರಿಗಳೂ ಅದೇ ಕಮಾನಿನ ಮೇಲೆ ಓಡುತ್ತಿವೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಕಮಾನು ಎತ್ತರಿಸಿದರೆ ಏರುವುದು ಬಾಡಿ ಮಾತ್ರ, ಕಲ್ಲಿಗೆ ಬಡಿಯುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರು, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. ಕಮಾನಿನ ತುದಿಯ ಶಾಕಲ್ ಎರಡಿಂಚು ಉದ್ದವಾದರೆ ಸಿಗುವ ಎತ್ತರ ಒಂದೇ ಇಂಚು, ಜೊತೆಗೆ ಕ್ಯಾಸ್ಟರ್ ಕೋನ ಕೆಟ್ಟು ಸ್ಟೇರಿಂಗ್ ಅಲೆಯತೊಡಗಬಹುದು. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಕುಣಿತವನ್ನು ತಡೆಯುತ್ತದೆ.

ಕೂತುಹೋದ ಪ್ಲೇಟನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಾಗಿಸುವುದಕ್ಕೆ ಮಾತ್ರ ಒಂದು ಮಾತು ಸಾಲದು. ಕಮಾನಿನ ಉಕ್ಕನ್ನು ಸುಮಾರು 850–900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಅದರ ಅರ್ಧದ ಆಸುಪಾಸಿನ ಶಾಖದಲ್ಲಿ ಹದ ಮಾಡಿರುತ್ತಾರೆ. ಟಾರ್ಚ್ ಹಿಡಿದು ಒಂದೆಡೆ ಕೆಂಪಗೆ ಕಾಯಿಸಿದರೆ ಅಲ್ಲಿಯ ಹದ ಹೋಯಿತು. ಆ ಪ್ಲೇಟ್ ಬೇಗನೆ ಕೂರುತ್ತದೆ, ಇಲ್ಲವೇ ಅಲ್ಲೇ ತುಂಡಾಗುತ್ತದೆ. 1923ರಲ್ಲೇ ಕುಲುಮೆ ಹೊತ್ತಿದ ಭದ್ರಾವತಿ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಉಕ್ಕಿನ ಹದವನ್ನೇ ಕಸುಬು ಮಾಡಿಕೊಂಡ ಮೂರು ತಲೆಮಾರು ಅಲ್ಲಿ ಬಾಳಿದೆ. ಅಷ್ಟು ಹತ್ತಿರದಲ್ಲಿ ಈ ತಪ್ಪು ಇನ್ನೂ ನಡೆಯುತ್ತಿರುವುದು ನೋವಿನ ಸಂಗತಿ.

ಯಾಕೆ ನಡೆಯುತ್ತದೆ ಎಂದರೆ, ಯಾರೂ ಅಳೆಯುವುದಿಲ್ಲ. ಗೆಳೆಯನ ಜೀಪಿಗೆ ಹಾಕಿದ್ದಾರೆ, ವಿಡಿಯೊದಲ್ಲಿ ಹತ್ತಿದ್ದು ಕಂಡಿದೆ, ಅಷ್ಟಕ್ಕೇ ಹಣ ಬಿಚ್ಚುತ್ತಾರೆ. ಆ ಗಾಡಿಯ ಡಿಫರೆನ್ಷಿಯಲ್‌ಗೆ ಲಾಕ್ ಇತ್ತೇ, ಟೈರಿನ ಗಾಳಿ ಎಷ್ಟಿತ್ತು ಎಂದು ಕೇಳುವವರಿಲ್ಲ. ಅಡಿಕೆ ಧಾರಣೆಯನ್ನು ನಾಲ್ಕು ಕಡೆ ವಿಚಾರಿಸುವ ಜನ ಜೀಪಿನ ವಿಷಯಕ್ಕೆ ಬಂದರೆ ಮೊದಲು ಕೇಳಿದ ಮಾತನ್ನೇ ನಂಬುತ್ತಾರೆ. ಗಾಡಿಯನ್ನು ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ ಎಂಬುದನ್ನೂ ಎಷ್ಟೋ ಜನ ಕೇಳುವುದು ಅಪಘಾತವಾದ ಮೇಲೆ.

ಕಮಾನಿನ ಕಟ್ಟು ಬಿಚ್ಚಿ ಕೂರಿಸಿದವರು, ಪ್ಲೇಟ್ ಸೇರಿಸಿರಲಿ ಬಿಡಲಿ, ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಬೇಕು. ಹೊಸದಾಗಿ ಕಟ್ಟಿದ ಕಮಾನು ಕೂತಂತೆ ಅವು ಸಡಿಲವಾಗುತ್ತವೆ. ಸಡಿಲವಾದರೆ ಎಳೆತವೆಲ್ಲ ನಡುವಿನ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಅದು ತುಂಡಾಯಿತೆಂದರೆ ಎಕ್ಸೆಲ್ ಜಾಗ ಬಿಟ್ಟು ಸರಿಯುತ್ತದೆ.