ಗಣಕಯಂತ್ರ ಕಟ್ಟಿ ನೋಡು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಗಣಕಯಂತ್ರವನ್ನು ಕಂಡಿದ್ದರೆ ಮೂರನೆಯ ಮಾತೊಂದನ್ನು ಸೇರಿಸುತ್ತಿದ್ದರೋ ಏನೋ! ಮಗಳ ವ್ಯಾಸಂಗಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಂಬಳಕ್ಕೊಂದರಂತೆ ಬಿಡಿಭಾಗಗಳನ್ನು ತಂದಿಟ್ಟೆ. ಮೊದಲು ತಂದ ಮದರ್‌ಬೋರ್ಡು ಕೆಟ್ಟದ್ದೆಂದು ತಿಳಿದದ್ದು ನಾಲ್ಕನೆಯ ತಿಂಗಳು, ಪ್ರೊಸೆಸರ್ ಬಂದ ಮೇಲೆ. ಅಂಗಡಿಯಲ್ಲಿ ಬದಲಿಸಿಕೊಡುವ ಗಡುವು ಅಷ್ಟರಲ್ಲಿ ಮುಗಿದಿತ್ತು. ದುರಸ್ತಿಯಾಗಿ ಬರುವವರೆಗೆ ಮಗಳು ಗೆಳತಿಯ ಮನೆಯಲ್ಲಿ ಕುಳಿತು ಓದಿದಳು. ವಾರಂಟಿಯ ಕಾಲ ಸಾಮಾನ್ಯವಾಗಿ ಬಿಲ್ಲು ಬರೆದ ದಿನವೇ ಓಡತೊಡಗುತ್ತದೆ.

ಬೆಲೆ ಇಳಿದೀತೆಂದು ಕಾಯುವುದೂ ಜೂಜೇ. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಹಾರ್ಡ್‌ಡಿಸ್ಕಿನ ಬೆಲೆ ಏರಿತು. 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ಹಸಿವಿನಿಂದ ಮೆಮೊರಿ ತುಟ್ಟಿಯಾಯಿತು. ಆದುದರಿಂದ ಕೂಡಿಡಬೇಕಾದದ್ದು ಹಣವನ್ನು, ಭಾಗಗಳನ್ನಲ್ಲ. ಮೊತ್ತ ಕೈಗೂಡಿದ ವಾರವೇ ಎಲ್ಲವನ್ನೂ ಕೊಂಡು, ಜೋಡಿಸಿ, ನಡೆಸಿ ನೋಡಿಬಿಡುವುದು ಲೇಸು.