ಜಿನ್ಯಾದ ನಗಾರಿ

ಟೋಕಿಯೋದಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿ, ಬಿಸಿನೀರ ಬುಗ್ಗೆಗಳ ಊರು ತ್ಸುರುಮಾಕಿ. ಅಲ್ಲಿ 1918ರಲ್ಲಿ ಶುರುವಾದ 'ಜಿನ್ಯಾ' ಎಂಬ ತಂಗುಮನೆಯಿದೆ. ಅತಿಥಿಗಳು ಬಂದರೆ ಬಾಗಿಲಲ್ಲಿ ನಗಾರಿ ಬಾರಿಸುತ್ತಾರೆ. ಈ ಪದ್ಧತಿಯ ಹಿಂದೆ ಒಂದು ಮುನಿಸಿದೆ. 1952ರಲ್ಲಿ ಶೋಗಿ ಎಂಬ ಜಪಾನೀ ಚದುರಂಗದ ಪಂದ್ಯಕ್ಕೆ ಬಂದ ಮಾಸುದಾ ಕೋಝೋ, ಬಾಗಿಲಿಗೆ ಯಾರೂ ಬರಲಿಲ್ಲವೆಂದು ಸಿಟ್ಟಾಗಿ, ಆಡಲು ಒಪ್ಪಲೇ ಇಲ್ಲ.

2009ರಲ್ಲಿ ಮಿಯಾಝಾಕಿ ದಂಪತಿ ಈ ಮನೆಯ ಹೊಣೆ ಹೊತ್ತಾಗ ಇದ್ದದ್ದು 20 ಕೋಣೆ, ಸುಮಾರು 100 ಕೋಟಿ ಯೆನ್ ಸಾಲ. ಬುಕಿಂಗ್ ಕಾಗದದ ಲೆಡ್ಜರಿನಲ್ಲಿ; ಯಾವ ಅತಿಥಿಗೆ ಏನಿಷ್ಟ ಎಂಬುದು ಹಳಬರ ನೆನಪಿನಲ್ಲಿ. ಹೋಂಡಾದಲ್ಲಿ ಎಂಜಿನಿಯರ್ ಆಗಿದ್ದ ಗಂಡ, ದುಬಾರಿ ಸರ್ವರ್ ಕೊಳ್ಳದೆ ಸೇಲ್ಸ್‌ಫೋರ್ಸ್‌ನ ಕ್ಲೌಡ್ ಬಾಡಿಗೆಗೆ ಹಿಡಿದು, ಅದರ ಮೇಲೆ ತಮ್ಮ ಕೆಲಸಕ್ಕೆ ಹೊಂದುವ ತಂತ್ರಾಂಶ ಕಟ್ಟಿಸಿದರು.

ಕ್ಲೌಡ್ ಎಂದರೆ ಊರಿನ ಹಿಟ್ಟಿನ ಗಿರಣಿಯಿದ್ದಂತೆ. ಯಾರೂ ಮನೆಗೊಂದು ಗಿರಣಿ ಇಟ್ಟುಕೊಳ್ಳುವುದಿಲ್ಲ. ರಾಗಿ ಒಯ್ದು, ಬೀಸಿಸಿದಷ್ಟಕ್ಕೆ ದುಡ್ಡು ಕೊಡುತ್ತಾರೆ. ದೂರದ ದತ್ತಾಂಶ ಕೇಂದ್ರದ ಕಂಪ್ಯೂಟರುಗಳನ್ನು ಸಾವಿರಾರು ವ್ಯಾಪಾರಿಗಳು ಹಂಚಿಕೊಳ್ಳುತ್ತಾರೆ, ಆದರೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣದಂತೆ ಬೇಲಿ ಇರುತ್ತದೆ. ಯಂತ್ರದ ರಿಪೇರಿ ಗಿರಣಿಯವನ ತಲೆನೋವು. ಸಣ್ಣ ವ್ಯಾಪಾರಿಗೆ ದೊಡ್ಡ ಬಂಡವಾಳ ತಪ್ಪಿ, ತಿಂಗಳ ಖರ್ಚಷ್ಟೇ ಉಳಿಯುತ್ತದೆ. ನೆಟ್‌ವರ್ಕ್ ಹೋದರೆ ಮಾತ್ರ, ಕರೆಂಟಿಲ್ಲದ ಗಿರಣಿಯ ಮುಂದೆ ಕೂತ ಹಾಗೆಯೇ!

ಜಿನ್ಯಾದ ಸ್ನಾನಗೃಹವನ್ನೇ ನೋಡಿ. ಮೊದಲು ಕೆಲಸದವರು ಹೊತ್ತುಹೊತ್ತಿಗೆ ನಡೆದುಹೋಗಿ ಟವೆಲ್ ನೋಡಿ ಬರಬೇಕಿತ್ತು, ಯಾರೂ ಮಿಂದಿರದಿದ್ದರೂ. ಈಗ ಬಾಗಿಲ ಸೆನ್ಸರ್ ಒಳಹೋದವರನ್ನು ಎಣಿಸುತ್ತದೆ. ಎಣಿಕೆ ಗೊತ್ತುಮಾಡಿದ ಸಂಖ್ಯೆ ಮುಟ್ಟಿದಾಗ ಕೆಲಸದವರಿಗೆ ಸಂದೇಶ ಬರುತ್ತದೆ. ಗೇಟಿನ ಕ್ಯಾಮೆರಾ ಕಾರಿನ ನಂಬರ್ ಓದಿ, ಯಾರು ಬಂದರೆಂದು ಹೇಳುತ್ತದೆ. ನಗಾರಿಯನ್ನು ಮಾತ್ರ ಇಂದಿಗೂ ಮನುಷ್ಯರೇ ಬಾರಿಸುತ್ತಾರೆ. ಹೀಗೆ ಕೆಲಸದವರಿಗೆ ಉಳಿತಾಯವಾದ ಹೆಜ್ಜೆಗಳಲ್ಲೇ ಲಾಭವಿದೆ ಎಂದು ನನ್ನ ನಂಬಿಕೆ. ಹಳೆಯ ಲೆಡ್ಜರನ್ನು ಹಾಗೇ ಟ್ಯಾಬ್‌ಗೆ ಇಳಿಸಿ, ಕೆಲಸದ ಕ್ರಮ ಬದಲಿಸದ ಅಂಗಡಿಗೆ ಕ್ಲೌಡ್ ಇನ್ನೊಂದು ಬಾಡಿಗೆಯಷ್ಟೇ.

ಜಿನ್ಯಾ ಚೇತರಿಸಿಕೊಂಡದ್ದು ಕ್ಲೌಡ್ ಒಂದರಿಂದಲೇ ಅಲ್ಲ. ಕೋಣೆಯ ದರ ಏರಿಸಿದರು, ಮದುವೆಗಳನ್ನು ಹಿಡಿದರು. ಆದರೆ ಹಣ ಎಲ್ಲಿ ಸೋರುತ್ತಿದೆ ಎಂದು ಅಂದಂದೇ ತೋರಿಸಿದ್ದು ಕ್ಲೌಡ್‌ನಲ್ಲಿಟ್ಟ ಲೆಕ್ಕ. ತಮಗೆಂದು ಕಟ್ಟಿದ ತಂತ್ರಾಂಶವನ್ನು ಮುಂದೆ ಬೇರೆ ತಂಗುಮನೆಗಳಿಗೂ ಬಾಡಿಗೆಗೆ ಕೊಟ್ಟರು. ಇಂದು ನೂರಾರು ಕಡೆ ಅದು ಬಳಕೆಯಲ್ಲಿದೆ. 2014ರಿಂದ ಜಿನ್ಯಾ ವಾರದ ನಡುವೆ ಬಾಗಿಲು ಹಾಕಿ ಎಲ್ಲರಿಗೂ ರಜೆ ಕೊಡತೊಡಗಿತು. ವರ್ಷಕ್ಕೆ ನೂರರಲ್ಲಿ 33 ಮಂದಿ ಕೆಲಸ ಬಿಡುತ್ತಿದ್ದ ಆ ಮನೆಯಲ್ಲಿ, ಬರಬರುತ್ತಾ ಆ ಸಂಖ್ಯೆ 4ಕ್ಕೆ ಇಳಿಯಿತು.