ಕನೇಲೊ ಎಂಬ ಹೆಸರು

ಸಾಕುನಾಯಿಗೆ ಸ್ಪ್ಯಾನಿಷ್ ಹೆಸರಿಡಬಯಸುವವರು ಕಿವಿಗೆ ಇಂಪಾಯಿತೆಂದಷ್ಟಕ್ಕೇ ಇಡಬಾರದು. ಆ ನುಡಿಯಲ್ಲಿ ಗಂಡಾದರೆ ‘ಕನೇಲೊ’, ಹೆಣ್ಣಾದರೆ ‘ಕನೇಲಾ’. ಕನೇಲಾ ಎಂದರೆ ದಾಲ್ಚಿನ್ನಿ. ಆ ಚಕ್ಕೆಯ ಬಣ್ಣದ ನಾಯಿಗೆ ಸ್ಪೇನಿನಲ್ಲಿ ಇದು ಸಹಜವಾದ ಹೆಸರು, ನಮ್ಮ ಹಳ್ಳಿಗಳ ‘ಕೆಂಪ’, ‘ಕರಿಯ’ರಂತೆ.

ಕಾದಿಸ್ ನಗರದಲ್ಲಿ ಇಂಥದೊಂದು ಕನೇಲೊ ಇತ್ತು. ರಕ್ತಶುದ್ಧೀಕರಣ ಚಿಕಿತ್ಸೆಗೆ ಹೋಗುತ್ತಿದ್ದ ಯಜಮಾನನನ್ನು ಅದು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿತ್ತು. ಒಂದು ದಿನ ಒಳಹೋದ ಆತ ಮರಳಲಿಲ್ಲ, ತೀರಿಕೊಂಡಿದ್ದ. ನಾಯಿಗೆ ಅದನ್ನು ತಿಳಿಸಬಲ್ಲವರಾರು? ಸುಮಾರು 12 ವರ್ಷ ಅದು ಆ ಬಾಗಿಲನ್ನು ತೊರೆಯಲಿಲ್ಲ, ನೆರೆಹೊರೆಯವರೇ ಉಣಿಸಿದರು. 2002ರ ಡಿಸೆಂಬರಿನಲ್ಲಿ ವಾಹನವೊಂದು ಬಡಿದು ಸತ್ತಿತು. ಬಣ್ಣದ ಆ ಹೆಸರನ್ನೇ ಕಾದಿಸ್ ನಗರವು ಓಣಿಯೊಂದಕ್ಕೆ ಇಟ್ಟು, ಅದರ ನೆನಪಿಗೆ ಫಲಕವನ್ನೂ ಹಾಕಿಸಿತು.